ಸೀಳಿದ ಪೈಪು ಮತ್ತು ನನ್ನ ಪರಿಸರಪ್ರೇಮ

ಸಜ್ಜನ ಎನ್ನಿಸಿಕೊಳ್ಳಲು ಜನ ಏನೇನೋ ಪಾಡು ಪಡುತ್ತಾರೆ. ಗಿಡ ನೆಡುತ್ತಾರೆ, ರಕ್ತ ಕೊಡುತ್ತಾರೆ, ಭಾನುವಾರವೂ ಬೇಗ ಎದ್ದು ಕೆರೆಯ ದಂಡೆ ಗುಡಿಸುತ್ತಾರೆ. ನನಗೆ ಅಂಥ ಯಾವ ತೊಂದರೆಯೂ ಆಗಲಿಲ್ಲ. ನನ್ನ ಕಾರಿನ ರೇಡಿಯೇಟರಿನ ರಬ್ಬರ್ ಪೈಪು ಸೀಳಿತು, ನಾನು ದೊಡ್ಡ ಮನುಷ್ಯನಾಗಿಬಿಟ್ಟೆ.

ಒಂದು ಬೆಳಗ್ಗೆ ಲಿಂಗರಾಜಪುರದ ನಮ್ಮ ಮನೆಯ ಮುಂದೆ, ಹೆಂಡತಿ ಆಗಷ್ಟೇ ಹಾಕಿದ್ದ ರಂಗೋಲಿಯ ಮೇಲೆ ಹಸಿರು ನೀರು ಹರಿದಿತ್ತು. "ನಿಮ್ಮ ಕಾರು ಏನ್ ಮಾಡಿದೆ ನೋಡ್ಬನ್ನಿ" ಎಂದಳು, ಬೀದಿ ಗಲೀಜು ಮಾಡಿದ ನಾಯಿಯ ಯಜಮಾನನನ್ನು ಕರೆಯುವ ಧಾಟಿಯಲ್ಲಿ. ಶಿವಾಜಿನಗರದ ಮೆಕ್ಯಾನಿಕ್ ಸಮೀರ್ ಭಾಯಿ ಬಾನೆಟ್ ಎತ್ತಿ ನೋಡಿದರು. "ಕೂಲೆಂಟ್ ಲೀಕ್ ಸಾರ್. ಅದಿಲ್ದಿದ್ರೆ ಎಂಜಿನ್ ಕುದಿಯುತ್ತೆ. ಗಾಡಿ ಬಿಟ್ಟೋಗಿ, ಪೈಪ್ ಹಾಕಿಡ್ತೀನಿ." ಗಾಡಿ ಬಿಟ್ಟರೆ ಬಸ್ಸು ಹತ್ತಬೇಕು. ಬಸ್ಸೆಂದರೆ ನನಗೆ ಬಹಳ ಗೌರವ, ಆದರೆ ದೂರದಿಂದ. ಮುಂದಿನ ವಾರ ಬಿಡುತ್ತೇನೆ ಎಂದೆ. "ಹಂಗಾದ್ರೆ ಅಲ್ಲೀವರ್ಗೂ ನೀರು ಹಾಕ್ತಾ ಇರಿ. ಏ.ಸಿ. ಮುಟ್ಬೇಡಿ. ಸಿಗ್ನಲ್ ಬಂದ್ರೆ ಆಫ್ ಮಾಡಿ" ಎಂದರು. ನನ್ನ ಬದುಕಿನಲ್ಲಿ ಮುಂದಿನ ವಾರ ಎಂಬುದು ಇವತ್ತಿನವರೆಗೂ ಬಂದಿಲ್ಲ.

ದೊಡ್ಡನೆಕ್ಕುಂದಿಯ ನಮ್ಮ ಕಂಪನಿಗೆ ನನ್ನ ಕಾರಿನಲ್ಲೇ ಇನ್ನಿಬ್ಬರು ಬರುತ್ತಾರೆ. ಅಕೌಂಟ್ಸಿನ ಬಸವರಾಜ್ ಧಾರವಾಡದವರು, ಬೆಂಗಳೂರಿನ ಬಿಸಿಲನ್ನು ವೈಯಕ್ತಿಕ ಅವಮಾನವೆಂದು ತಿಳಿದವರು. ಶೈಲಜಾ ಎಚ್.ಆರ್. ವಿಭಾಗದವರು, ಏನು ಕಂಡರೂ ಅದಕ್ಕೊಂದು ಸಪ್ತಾಹ ಆಚರಿಸುವವರು. ಬಾಣಸವಾಡಿ ದಾಟುವಷ್ಟರಲ್ಲೇ ಬಸವರಾಜ್ ಕಾಲರ್ ಸಡಿಲಿಸಿ, "ಸರ, ಏ.ಸಿ. ಹಚ್ರೀ. ಬೆಂದ ಹೊಂಟೇವಿ" ಎಂದರು. ಕಾರು ಕೆಟ್ಟಿದೆ ಎಂದು ಹೇಳಬಹುದಿತ್ತು. ಹಾಗೆ ಹೇಳಿದರೆ ರಿಪೇರಿ ಯಾಕೆ ಮಾಡಿಸಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಬಾಯಿಗೆ ಬಂದದ್ದು ಹೇಳಿದೆ: "ಪರಿಸರಕ್ಕೆ ಒಳ್ಳೇದಲ್ಲ ಬಸವರಾಜ್. ಈ ಬೇಸಿಗೆಗೆ ನಾನು ಏ.ಸಿ. ಬಿಟ್ಬಿಟ್ಟಿದೀನಿ."

ಹಿಂದಿನ ಸೀಟಿನಲ್ಲಿ ಶೈಲಜಾ ನೆಟ್ಟಗೆ ಕೂತರು. ಪರಿಸರ ಸಪ್ತಾಹ ಹತ್ತಿರ ಬಂದಿತ್ತು, ಪರಿಸರ ಪ್ರೀತಿಸುವ ಒಬ್ಬ ಮನುಷ್ಯನೂ ಅವರಿಗೆ ಸಿಕ್ಕಿರಲಿಲ್ಲ. ಅಲ್ಲಿಂದ ನಾನು ಮಾಡಿದ್ದೆಲ್ಲ ಆದರ್ಶವೇ. ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸಿದರೆ ಇಂಧನ ಉಳಿತಾಯ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರದಿರಲಿ ಎಂದು ಆಮೆಯಂತೆ ಓಡಿಸಿದರೆ ಸಂಯಮ. ಕಣ್ಣು ಕೀಲಿಸಿಕೊಂಡು ಆ ಮುಳ್ಳನ್ನೇ ನೋಡುತ್ತಾ ಬೆವರಿದರೆ ಏಕಾಗ್ರತೆ. ವಾರದೊಳಗೆ ಕ್ಯಾಂಟೀನಿನ ಗೋಡೆಯ ಮೇಲೆ ನನ್ನ ಫೋಟೋ ಬಂತು, ಕಿವಿಯ ಹತ್ತಿರ ಎರಡು ಎಲೆ ಚಿಗುರಿದ್ದವು. ಕೆಳಗೆ 'ನಮ್ಮ ಹಸಿರು ಸಾರಥಿ' ಎಂದು ಬರೆದಿದ್ದರು. ಮನೆಯಲ್ಲಿ ತೋರಿಸಿದೆ. "ಬಚ್ಚಲುಮನೆ ಲೈಟ್ ಆರಿಸೋಕೆ ಬರಲ್ಲ, ಭೂಮಿ ಉಳಿಸ್ತಾರಂತೆ" ಎಂದು ಹೆಂಡತಿ ಒಗ್ಗರಣೆ ಹಾಕಲು ಎದ್ದು ಹೋದಳು. ನಿಜ ಹೇಳಬೇಕೆಂದರೆ ಫೋಟೋ ನನಗೆ ಇಷ್ಟವಾಗಿತ್ತು. ಕ್ಯಾಂಟೀನಿನ ಹುಡುಗಿಯರು ನಮಸ್ಕಾರ ಹೇಳತೊಡಗಿದ್ದರು. ಈಗ ಸತ್ಯ ಹೊರಬಿದ್ದರೆ ಆ ಗೋಡೆಯ ಕೆಳಗೆ ಕೂತು ಕಾಫಿ ಕುಡಿಯುವುದು ಹೇಗೆ?

ಸಪ್ತಾಹದ ಮೊದಲ ದಿನ ಇಂದಿರಾನಗರದಲ್ಲಿರುವ ನಮ್ಮ ಎಂ.ಡಿ.ಯವರು ನನ್ನ ಕಾರಿನಲ್ಲೇ ಆಫೀಸಿಗೆ ಬರುತ್ತಾರೆಂದು ಶೈಲಜಾ ಏರ್ಪಾಡು ಮಾಡಿದರು. ತಾವು ಮೊದಲೇ ಹೋಗಿ ಗೇಟಿನಲ್ಲಿ ಕ್ಯಾಮೆರಾ ಹಿಡಿದು ನಿಂತರು. ಎಂ.ಡಿ. ಸೂಟು ಹಾಕಿಕೊಂಡು ಮುಂದೆ ಕೂತರು, ಬಸವರಾಜ್ ಹಿಂದೆ. ಹಳೇ ಮದ್ರಾಸು ರಸ್ತೆಯಲ್ಲಿ ಟಿನ್ ಫ್ಯಾಕ್ಟರಿಯ ಹತ್ತಿರ ವಾಹನಗಳು ಅಲುಗಾಡಲಿಲ್ಲ, ಮುಳ್ಳು ಮಾತ್ರ ಸರಸರನೆ ಮೇಲೆ ಹೋಯಿತು. ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಎದ್ದಿತು. "ಸರ, ಹೊಗಿ!" ಎಂದು ಬಸವರಾಜ್ ಬಾಗಿಲು ತೆಗೆದು ನನಗಿಂತ ಮುಂಚೆ ರಸ್ತೆಯಲ್ಲಿದ್ದರು.

ನನ್ನ ದುರದೃಷ್ಟಕ್ಕೆ ಎಂ.ಡಿ. ಹಿಂದೊಮ್ಮೆ ಕಾರು ಕಾರ್ಖಾನೆಯ ಎಂಜಿನ್ ವಿಭಾಗದಲ್ಲೇ ಇದ್ದವರು. ಕಾರನ್ನು ಬದಿಗೆ ತಳ್ಳಿಸಿದರು. ನನ್ನ ಸೀಟಿನ ಹಿಂದಿದ್ದ ಖಾಲಿ ನೀರಿನ ಕ್ಯಾನನ್ನು ನೋಡಿದರು, ನನ್ನನ್ನು ನೋಡಿದರು. "ಓಹೋ. ಇದೇನಾ ನಿಮ್ಮ ಪರಿಸರ?" ಎಂದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಎಂಜಿನ್ ತಣ್ಣಗಾಗುವವರೆಗೆ ಕಾದು ಮೂವರ ಕುಡಿಯುವ ನೀರನ್ನೂ ಸುರಿದೆವು. "ಈಗ ಹೀಟರ್ ಹಾಕಿ, ಫುಲ್. ಎಂಜಿನ್ ಬಿಸಿ ಒಳಗಡೆ ಬರುತ್ತೆ, ಎಂಜಿನ್ ಉಳ್ಕೊಳ್ಳುತ್ತೆ" ಎಂದರು ಎಂ.ಡಿ. "ಅದೇನೋ ಉಳೀತೈತ್ರಿ, ನಾವು?" ಎಂದು ಬಸವರಾಜ್ ಕೇಳುತ್ತಿರುವಾಗಲೇ ನಾನು ಹೀಟರಿನ ಗುಂಡಿ ತಿರುಗಿಸಿದೆ. ಏಪ್ರಿಲ್ ತಿಂಗಳಲ್ಲಿ, ಹೀಟರ್ ಹಾಕಿಕೊಂಡು, ಹಬೆಯಲ್ಲಿಟ್ಟ ಇಡ್ಲಿಗಳಂತೆ ನಾವು ಮೂವರೂ ದೊಡ್ಡನೆಕ್ಕುಂದಿ ತಲುಪಿದೆವು.

ಗೇಟಿನಲ್ಲಿ ಕಂಪನಿಯೇ ನೆರೆದಿತ್ತು. ತೊಯ್ದು ತೊಪ್ಪೆಯಾದ ಎಂ.ಡಿ. ಇಳಿದರು. "ನೋಡಿ, ನಮ್ಮ ಎಂ.ಡಿ. ಸಾರ್ ಕೂಡ ಏ.ಸಿ. ಇಲ್ದೇ ಬಂದಿದಾರೆ!" ಎಂದು ಶೈಲಜಾ ಕೂಗಿದರು. ಚಪ್ಪಾಳೆಯೋ ಚಪ್ಪಾಳೆ. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಎಂ.ಡಿ. ಬಾಯಿ ತೆರೆದರು, ಕ್ಯಾಮೆರಾ ಕಂಡಿತು, ಮುಖ ಒರೆಸಿಕೊಂಡರು. "ಮನಸ್ಸು ಮಾಡಿದ್ರೆ ಯಾವುದೂ ಕಷ್ಟ ಅಲ್ಲ. ನಾಳೆಯಿಂದ ಆಫೀಸಲ್ಲೂ ಏ.ಸಿ. ಬೇಡ" ಎಂದುಬಿಟ್ಟರು. ಗೋಡೆಯ ಮೇಲೆ ನನ್ನ ಫೋಟೋ ಪಕ್ಕಕ್ಕೆ ಸರಿದು, ಅವರದು ದೊಡ್ಡದಾಗಿ ಬಂತು.

ಅವತ್ತೇ ಸಂಜೆ ಪೈಪು ಹಾಕಿಸಿದೆ. ಕಾರು ಈಗ ಮಂಜಿನಷ್ಟು ತಂಪು, ಆದರೆ ಯಾರ ಮುಂದೆಯೂ ಏ.ಸಿ. ಹಾಕುವಂತಿಲ್ಲ. ಬೇಯುವ ಆಫೀಸಿನಿಂದ ತಪ್ಪಿಸಿಕೊಂಡು ಊಟದ ಹೊತ್ತಿನಲ್ಲಿ ಕಟ್ಟಡದ ಹಿಂದೆ ಕಾರಿನೊಳಗೆ ಕೂತು, ಗಾಜು ಏರಿಸಿ, ನಿಂತಲ್ಲೇ ಎಂಜಿನ್ ಓಡಿಸುತ್ತಾ ಏ.ಸಿ. ಹಾಕಿಕೊಳ್ಳುವುದು ಅಭ್ಯಾಸವಾಯಿತು. ನಿನ್ನೆ ಯಾರೋ ಗಾಜು ತಟ್ಟಿದರು. ಎಂ.ಡಿ.! ಬಾಗಿಲು ತೆಗೆದೆ. ಅವರು ಪಕ್ಕದಲ್ಲಿ ಕೂತು ಟೈ ಬಿಚ್ಚಿದರು. "ನನ್ನ ಕಾರಲ್ಲಿ ಡ್ರೈವರ್ ಇರ್ತಾನೆ ಕಣ್ರೀ, ಏ.ಸಿ. ಹಾಕಿದ್ರೆ ಎಲ್ರಿಗೂ ಹೇಳ್ಬಿಡ್ತಾನೆ. ಸ್ವಲ್ಪ ಜಾಸ್ತಿ ಮಾಡಿ" ಎಂದರು. ಜಾಸ್ತಿ ಮಾಡಿದೆ. ಕಣ್ಣು ಮುಚ್ಚುವಷ್ಟರಲ್ಲಿ ಮತ್ತೆ ಗಾಜಿನ ಸದ್ದು. ಹೊರಗೆ ಬಸವರಾಜ್, ಹಣೆಯಿಂದ ನೀರಿಳಿಯುತ್ತಿತ್ತು. "ಸರ, ನಮಗೂ ಒಂಚೂರು ಪರಿಸರ ಕೊಡ್ರಿ" ಎಂದರು.

ಎಂ.ಡಿ. ನನ್ನ ಕಡೆ ನೋಡಿ, "ಡೋರ್ ತೆಗೆದ್ರೆ ತಂಪೆಲ್ಲ ಹೋಗುತ್ತಲ್ರೀ" ಎಂದರು. ಬೇಸಿಗೆಯಿಡೀ ನನ್ನ ಸುಳ್ಳಿಗೆ ಬೆವರಿದ ಮನುಷ್ಯ ಬಸವರಾಜ್. ಪಾಪ ಅನ್ನಿಸಿತು, ನಿಜವಾಗಿಯೂ ಅನ್ನಿಸಿತು. ಅಷ್ಟು ಅನ್ನಿಸಿದ ಮೇಲೆ ಒಳಗಿನಿಂದ ಬಾಗಿಲು ಲಾಕ್ ಮಾಡಿದೆ.