ಲಂಕಾದ ಪಟ್ಟಿಯೊಳಗೆ ನನ್ನದೊಂದು ತೋಟ

ಹಿರಿಯರನ್ನು ಕೇಳದೆ ನಮ್ಮ ಮನೆಯಲ್ಲಿ ಏನೂ ನಡೆಯುವುದಿಲ್ಲ ಅಂತ ಹೇಳುವ ಮಂದಿಯನ್ನು ನಂಬಬೇಡಿರಿ. ಹಿರಿಯರನ್ನು ಕೇಳುವುದು ಬೇರೆ, ಹಿರಿಯರ ಹೆಸರು ಹೇಳುವುದು ಬೇರೆ. ನಮ್ಮ ಮನೆಗೆ ಗೋಡೆಯಷ್ಟು ದೊಡ್ಡ ಟಿವಿ ಬಂದಾಗ "ಅವ್ವನ ಕಣ್ಣಿಗೆ ಸಣ್ಣದು ಕಾಣೂದಿಲ್ಲ" ಅಂದರು. ನನ್ನ ಕಣ್ಣು ನೆಟ್ಟಗಿವೆ, ಟಿವಿಯ ಮುಂದೆ ಕೂಡ್ರುವ ಚಟವೇ ನನಗಿಲ್ಲ. ಕಾರು ಬಂದಾಗ "ಅವ್ವಗ ಬಸ್ಸಿನಾಗ ತ್ರಾಸ ಆಗತೈತಿ" ಅಂದರು. ಆ ಕಾರಿನಲ್ಲಿ ನಾನು ಈವರೆಗೆ ಕೂತದ್ದು ಎರಡು ಸಲ, ಎರಡೂ ಸಲ ಹಿಂದಿನ ಸೀಟಿನಲ್ಲಿ ಕಾಯಿಪಲ್ಲೆಯ ಚೀಲದ ಜೋಡಿ. ಹೀಗೆ ನನ್ನ ಹೆಸರಿನ ಮೇಲೆ ಈ ಮನೆಗೆ ಅರ್ಧ ಸಂಸಾರ ಬಂದು ಬಿದ್ದಿದೆ. ಈಗ ದೀಪಾವಳಿ ಸೂಟಿಗೆ ಪರದೇಶವೂ ಅದೇ ಬಾಗಿಲಿನಿಂದ ಒಳಗೆ ಬಂತು.

ನಾವು ನಿಪ್ಪಾಣಿಯವರು. ಭೋಜ ನನ್ನ ತವರು. ಮಗ ಮಿಲಿಂದ ಚಿಕ್ಕೋಡಿಯಲ್ಲಿ ಕರೆಂಟಿನ ಆಫೀಸಿನಲ್ಲಿ ಇದ್ದಾನೆ, ಸೊಸೆ ಸುಜಾತಾ ಶಾಲೆಯ ಬಾಯಿ, ಅಂದರೆ ಮಾಸ್ತರಿಣಿ. ಮೊಮ್ಮಗಳು ಪ್ರಜ್ಞಾ ಕಾಲೇಜಿಗೆ ಹೋಗುತ್ತಾಳೆ, ಹೋಗುತ್ತೇನೆ ಅಂತ ಹೇಳಿ ಹೋಗುತ್ತಾಳೆ. ಈ ಮೂವರಿಗೂ ಕೂಡಿ ಸಿಕ್ಕುವ ಸೂಟಿ ಆರು ಹಗಲು. ಆರು ಹಗಲಿನಲ್ಲಿ ಯಾವ ದೇಶ, ಆ ದೇಶದಲ್ಲಿ ಯಾವ ಊರು ಎನ್ನುವ ಜಗಳ ನಡೆದದ್ದು ಮಾತ್ರ ಎರಡು ತಿಂಗಳು. ನಾವು ಬೌದ್ಧರು. ಅದನ್ನೇ ಇವರು ಹಿಡಿದುಕೊಂಡರು.

ಮೊದಲು ಮಗ ಬಂದ. "ಅವ್ವಾ, ಥಾಯ್ಲೆಂಡಿಗೆ ಹೋಗೂಣು. ಅಲ್ಲಿ ಬಂಗಾರದ ಬುದ್ಧ ಅದಾನು. ನೀ ಕಣ್ಣತುಂಬ ನೋಡೀಯಂತ." ಅವನ ಆಫೀಸಿನ ಗೆಳೆಯರು ಹೋದ ವರ್ಷ ಹೋಗಿ ಬಂದಿದ್ದರು. ಅವರ ಫೋಟೋಗಳನ್ನು ಸುಜಾತಾ ಒಂದೊಂದೇ ನೋಡಿದಳು. ಸಮುದ್ರದ ದಂಡೆ ಇತ್ತು, ಗೆಳೆಯರು ಇದ್ದರು, ಇನ್ನೂ ಯಾರ್ಯಾರೋ ಇದ್ದರು, ಬುದ್ಧ ಒಬ್ಬ ಇರಲಿಲ್ಲ. ಥಾಯ್ಲೆಂಡ್ ಅವತ್ತೇ ಸತ್ತಿತು.

ಆಮೇಲೆ ಸೊಸೆ. "ಅತ್ತಿ, ನೇಪಾಳಕ್ಕ ಹೋಗೂಣು. ಬುದ್ಧ ಹುಟ್ಟಿದ ಜಾಗಾ ಅಲ್ಲೇ ಐತಿ, ನಿಮ್ಮ ಜನ್ಮ ಸಾರ್ಥಕ ಆಗತೈತಿ." ನನ್ನ ಜನ್ಮದ ಚಿಂತೆ ಮಾಡಿದಾಕೆ ಮರುದಿನವೇ ಕೊಲ್ಲಾಪುರಕ್ಕೆ ಹೋಗಿ ಕೆಂಪು ಸ್ವೆಟರ್ ತಂದಳು. ಅವಳಿಗೆ ಬೇಕಾದದ್ದು ಬರ್ಫದ ಗುಡ್ಡ. ಮಗ ಸೇಡು ತೀರಿಸಿಕೊಂಡ: "ಆ ಥಂಡಿ ಅವ್ವಗ ಆಗೂದಿಲ್ಲ." ನೋಡಿರಿ, ನೇಪಾಳ ಬರಬೇಕಾದರೂ ನಾನು, ಹೋಗಬೇಕಾದರೂ ನಾನು.

ಉಳಿದದ್ದು ಮೊಮ್ಮಗಳ ಶ್ರೀಲಂಕಾ. "ಆಯಿ, ಅಲ್ಲಿ ಬೋಧಿ ಮರ ಐತಿ" ಅಂತ ಫೋನು ಮುಂದೆ ಹಿಡಿದಳು. ನೋಡಿದರೆ ಒಬ್ಬ ಹುಡುಗಿ ನೀಲಿ ರೈಲಿನ ಬಾಗಿಲಲ್ಲಿ ಜೋತುಬಿದ್ದು ಕೂದಲು ಹಾರಿಸುತ್ತಿದ್ದಾಳೆ.

"ಇದರಾಗ ಬುದ್ಧ ಎಲ್ಲಿ ಅದಾನ ಬೇ?" ಅಂದೆ.

"ರೈಲು ಇಳಿದ ಮ್ಯಾಲ ಆಯಿ."

ಲಂಕಾ ನಿಕ್ಕಿಯಾಯಿತು. ಜಗಳ ಮುಗಿಯಿತು ಅಂತ ನಾನು ಹುಚ್ಚಿ ತಿಳಿದೆ. ದೇಶ ನಿಕ್ಕಿಯಾದ ಮೇಲೆ ಊರುಗಳ ಜಗಳ ಶುರುವಾಯಿತು. ಟೂರಿನವನು ಮೊದಲೇ ಹೇಳಿದ್ದ: ಆರು ಹಗಲಿನಲ್ಲಿ ನಾಲ್ಕು ಜಾಗ, ಅದಕ್ಕಿಂತ ಹೆಚ್ಚು ಹಾಕಿದರೆ ಗಾಡಿಯಲ್ಲೇ ಸೂಟಿ ಮುಗಿಯುತ್ತದೆ. ಪ್ರಜ್ಞಾ ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಮುಂಜಾನೆ ಹಾಲು ತೆಗೆಯಲು ಹೋದವರು ಒಂದು ಊರು ಹೊಡೆದುಹಾಕಿ ತಮ್ಮದೊಂದು ಬರೆದು ಬರುತ್ತಿದ್ದರು. ಪ್ರತಿ ಊರಿನ ಮುಂದೆಯೂ ಒಬ್ಬ ಬುದ್ಧ. ಒಂದು ಕಡೆ ಮಲಗಿದವ, ಒಂದು ಕಡೆ ನಿಂತವ, ಇನ್ನೊಂದು ಕಡೆ ಕೂತವ. ಮಗ ಸಮುದ್ರದ ಊರು ಬರೆದು, ಅಲ್ಲಿಂದ ಒಂದು ಹರದಾರಿಯ ಮೇಲಿನ ಯಾವುದೋ ವಿಹಾರವನ್ನು ಹುಡುಕಿ ತಂದು ಅದಕ್ಕೆ ಕಟ್ಟಿದ್ದ. ಎಲ್ಲದರ ಕೆಳಗೂ ಒಂದೇ ಮಾತು: ಆಯಿಸಾಠಿ. ಆಯಿಗಾಗಿ ಅಂತ ಅರ್ಥ. ನಮ್ಮ ಕಡೆ ಸುಳ್ಳು ಹೇಳುವಾಗ ಮರಾಠಿಯಲ್ಲಿ ಹೇಳಿದರೆ ಸ್ವಲ್ಪ ಚೊಕ್ಕಾಗಿ ಕಾಣುತ್ತದೆ.

ಬುದ್ಧನ ಮೇಲೆ ನನ್ನ ಸಿಟ್ಟಿಲ್ಲ. ಬಾಗಿಲ ಎದುರಿನ ಗೋಡೆಯ ಮೇಲೆ ಅವನ ಫೋಟೋ ಇದೆ, ದಿನಾ ಕೈ ಮುಗಿಯುತ್ತೇನೆ. ಇಷ್ಟು ವರ್ಷದಲ್ಲಿ ಅವನು ಒಂದು ದಿನವೂ "ನಿಪ್ಪಾಣಿಯಾಗ ನೋಡಿದ್ದು ಸಾಲೂದಿಲ್ಲ, ಇಮಾನ ಹತ್ತಿ ಬಾ" ಅಂದಿಲ್ಲ. ಅವನು ಎಲ್ಲಾ ಬಿಟ್ಟು ಹೋದವ. ಇವರು ನಾಲ್ಕು ದೊಡ್ಡ ಬ್ಯಾಗು ಕಟ್ಟಿಕೊಂಡು ಅವನನ್ನು ನೋಡಲು ಹೊರಟವರು.

ಈಗ ನಿಮಗೆ ಒಂದು ಖರೆ ಮಾತು ಹೇಳುತ್ತೇನೆ. ಆ ಲಂಕಾದಲ್ಲಿ ನನಗೂ ಒಂದು ಜಾಗ ಬೇಕಾಗಿತ್ತು. ಆ ರೈಲಿನ ಹುಡುಗಿಯ ಕೂದಲಿನ ಹಿಂದೆ, ಗುಡ್ಡದ ತುಂಬ ಹಸಿರು ಗಿಡಗಳ ನಡುವೆ ಹೆಣ್ಣುಮಕ್ಕಳು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಎಲೆ ಹರಿಯುತ್ತಿದ್ದರು. ಚಹಾದ ಎಲೆ. ಎರಡು ಚಣ ಕಂಡರು, ಆಮೇಲೆ ಮತ್ತೆ ಆ ಹುಡುಗಿಯ ಕೂದಲೇ ಬಂತು.

ನಾನು ಮೂವತ್ತು ವರ್ಷ ತಂಬಾಕಿನ ವಖಾರಿಯಲ್ಲಿ ದುಡಿದವಳು. ವಖಾರಿ ಅಂದರೆ ಗೋದಾಮು. ಒಣಗಿದ ಎಲೆ ಬಡಿಯುವುದು, ಜರಡಿ ಹಿಡಿಯುವುದು, ಕಡ್ಡಿ ಆರಿಸುವುದು. ಅದರ ಘಾಟು ಮೂಗಿಗೆ ಹೊಕ್ಕರೆ ಸಾಯಂಕಾಲದ ತನಕ ಸೀನು. ಕೈ ಎಷ್ಟು ತೊಳೆದರೂ ರೊಟ್ಟಿ ಕಹಿ. ಮೂರು ಗಂಟೆಗೆ ಚಹಾ ಬರುತ್ತಿತ್ತು, ಸೆರಗಿನ ತುದಿಯಲ್ಲಿ ಗ್ಲಾಸು ಹಿಡಿದು ಕುಡಿಯುತ್ತಿದ್ದೆವು. ಬಸ್ಸಿನಲ್ಲಿ ನಮ್ಮ ಮಗ್ಗುಲಿಗೆ ಯಾರೂ ಕೂಡ್ರುತ್ತಿರಲಿಲ್ಲ. ಅದು ಒಂದು ರೀತಿ ಚಲೋನೇ ಇತ್ತು, ಕಾಲು ಚಾಚಲು ಜಾಗ ಸಿಗುತ್ತಿತ್ತು. ಎಲೆ ಎಂದರೆ ನನಗೆ ಗೊತ್ತಿದ್ದದ್ದು ಇಷ್ಟು. ಹಸಿ ಎಲೆಯಲ್ಲಿ, ತಂಪು ಗಾಳಿಯಲ್ಲಿ, ಸೀನದೆ ದುಡಿಯುವ ಹೆಣ್ಣುಮಕ್ಕಳೂ ಇದ್ದಾರೆ ಅಂದರೆ ನೋಡಬೇಕಲ್ಲ? ಅವರಿಂದ ಕೆಲಸ ತೆಗೆಯುವ ಮುಕಾದಮ ಹೇಗೆ ಬೈಯುತ್ತಾನೆ, ತಾವು ಹರಿದ ಚಹಾ ಅವರಿಗೆ ಕುಡಿಯಲು ಸಿಗುತ್ತದೋ ಇಲ್ಲವೋ, ಸಾಯಂಕಾಲ ಅವರ ಕೈ ಏನು ವಾಸನೆ ಬರುತ್ತದೆ? ಅವರ ಭಾಷೆ ನನಗೆ ಬರುವುದಿಲ್ಲ. ಕೈ ಹಿಡಿದು ಮೂಸಿ ನೋಡಲು ಭಾಷೆ ಯಾಕೆ ಬೇಕು?

ಆದರೆ ಬಾಯಿ ಬಿಟ್ಟು ಹೇಳಲಿಲ್ಲ. ಬೈಯಲು ಬಾಯಿ ಬರುತ್ತದೆ, ಬೇಡಲು ಬರುವುದಿಲ್ಲ. ಇದು ನನ್ನ ಹಳೆಯ ರೋಗ. ಯಾರಾದರೂ ಕೇಳಲಿ ಅಂತ ಎರಡು ತಿಂಗಳು ಕಾದೆ, ಯಾರು ಕೇಳಬೇಕು?

ಒಂದು ರವಿವಾರ ಟೂರಿನವನು ತಾನೇ ಮನೆಗೆ ಬಂದ. ಪಟ್ಟಿ ಅವತ್ತೇ ಮುಗಿಯಬೇಕಿತ್ತು. ಮೂರು ಊರು ನಿಂತಿದ್ದವು: ಬೋಧಿ ಮರದ ಊರು, ಬುದ್ಧನ ಹಲ್ಲು ಇಟ್ಟ ಮಂದಿರದ ಊರು, ಇಮಾನ ಇಳಿಯುವ ಕೊಲಂಬೋ. ಉಳಿದದ್ದು ಒಂದು ಜಾಗ. ಮಗ ಸಮುದ್ರ ಅಂದ, ಸೊಸೆ ಅದೇ ಕೊಲಂಬೋದ ಪ್ಯಾಟಿಗೆ ಇನ್ನೊಂದು ದಿನ ಅಂದಳು, ಪ್ರಜ್ಞಾ ರೈಲು ಅಂದಳು. ಮೂವರೂ ಒಮ್ಮೆಲೇ ನನ್ನ ಕಡೆ ತಿರುಗಿದರು. "ಅವ್ವಾ, ನೀ ಹೇಳು. ನಿನಗ ಎಲ್ಲಿ ಬೇಕು?"

"ಚಹಾದ ತೋಟ" ಅಂದೆ.

ಮಗ ನಕ್ಕ. "ಚಹಾದ ಎಲೀ ಏನ ನೋಡ್ತಿ ಬೇ? ಅಡಿಗಿಮನ್ಯಾಗ ಡಬ್ಬಿ ತುಂಬ ಐತಿ."

"ಸಮುದ್ರದ ಉಪ್ಪೂ ಡಬ್ಬಿ ತುಂಬ ಐತಿ. ನೀ ಯಾಕ ಹೊಂಟೀದಿ?"

ಟೂರಿನವನು ಜಾಣ. "ಆಯೀ, ತೋಟ ದಾರ್‍ಯಾಗ ಕಾಣತೈತ್ರಿ. ಗಾಡಿ ಸಾವಕಾಶ ಹೊಡಿ ಅಂತ ಡ್ರೈವರ್‌ಗ ಹೇಳ್ತೀನ್ರಿ."

"ಕಿಟಕ್ಯಾಗಿಂದ ನೋಡಾಕ ನಾ ಏನ ಮಂತ್ರಿ ಅದೀನೇನೋ? ಇಳೀಬೇಕು. ಮುಂಜಾನೆ ಹೆಣ್ಣಮಕ್ಕಳು ಕೆಲಸಕ್ಕ ಬರೂ ಹೊತ್ತಿಗೆ ಹೋಗಬೇಕು, ಸಂಜಿಗೆ ಎಲೀ ತೂಗೂತನಕ ಇರಬೇಕು."

ಆಗ ಸುಜಾತಾ, ಶಾಲೆಯಲ್ಲಿ ತಪ್ಪು ಲೆಕ್ಕ ಮಾಡಿದ ಹುಡುಗನಿಗೆ ಹೇಳುವಂತೆ ಸಮಾಧಾನದಿಂದ ಹೇಳಿದಳು: "ಅತ್ತಿ, ಆದರ ಅಲ್ಲಿ ಬುದ್ಧ ಇಲ್ಲಲ್ರಿ?"

ನನ್ನ ತಲೆ ಕೆಟ್ಟಿತು. ಸಮುದ್ರದಲ್ಲಿ ಬುದ್ಧ, ರೈಲಿನಲ್ಲಿ ಬುದ್ಧ, ಪ್ಯಾಟಿಯಲ್ಲಿ ಬುದ್ಧ, ನಾನು ಕೇಳಿದ ಗುಡ್ಡಕ್ಕೆ ಮಾತ್ರ ಅವನು ಹತ್ತಲಿಲ್ಲ! "ಹಂಗಾರ ನೀವ ಹೋಗಿ ಬರ್ರಿ. ನಾ ಬರೂದಿಲ್ಲ. ಭೋಜಕ್ಕ ನನ್ನ ತಮ್ಮನ ಮನೀಗೆ ಹೋಗ್ತೀನಿ" ಅಂತ ಎದ್ದೆ.

ಹೋಗು ಅಂತಾರೆ ಅಂದುಕೊಂಡಿದ್ದೆ. ಮೂವರ ಮುಖವೂ ಇಳಿಯಿತು. ಪ್ರಜ್ಞಾ ಬಾಯಿ ಬಿಟ್ಟಳು: "ಆಯಿ, ನೀ ಬರದಿದ್ದರ ಪಪ್ಪಾಗ ರಜಾ ಇಲ್ಲ."

ಹಿಂಜಿ ಹಿಂಜಿ ಕೇಳಿದೆ, ಹೊರಬಿತ್ತು. ಆಫೀಸಿನಲ್ಲಿ ರಜೆ ಕೊಡಲಿಲ್ಲವಂತೆ. ಮಿಲಿಂದ ಸಾಹೇಬರ ಮುಂದೆ ಕೈ ಕಟ್ಟಿ ನಿಂತು, "ಸಾಹೇಬ್ರ, ನಮ್ಮವ್ವನ ಕಡೀ ಆಸೆ ಐತ್ರಿ, ಒಮ್ಮೆ ಬೋಧಿ ಮರ ನೋಡಬೇಕಂತಾಳ್ರಿ" ಅಂದನಂತೆ. ಸಾಹೇಬರು ಕಣ್ಣೊರೆಸಿಕೊಂಡು ಸಹಿ ಮಾಡಿದರಂತೆ. ಸೊಸೆಗೆ ಸೂಟಿಯೊಳಗೆ ಸರ್ವೆ ಕೆಲಸ ಹಚ್ಚಿದ್ದರು. ಅವಳೂ ಹೆಡ್‌ಮಾಸ್ತರರ ಮುಂದೆ ಅದೇ ಕಡೀ ಆಸೆ ಹೇಳಿದ್ದಳು. ಮೊಮ್ಮಗಳ ಕಾಲೇಜಿನಲ್ಲಿ ಪರೀಕ್ಷೆ ಇತ್ತು, ಅಲ್ಲಿಯೂ ಅದೇ.

"ಯಾರ ಕಡೀ ಆಸೆ ಲೇ?" ಅಂದೆ.

"ನಿಂದ" ಅಂದ ಮಗ, ನೆಲ ನೋಡುತ್ತ.

ಮೂರು ಆಫೀಸಿನಲ್ಲಿ ನನ್ನನ್ನು ಸಾಯುವ ಹಾಸಿಗೆಯ ಮೇಲೆ ಮಲಗಿಸಿ ಬಂದಿದ್ದರು, ನನಗೆ ಒಂದು ಮಾತು ತಿಳಿಸದೆ. ನಾನಾದರೋ ಅವತ್ತು ಮುಂಜಾನೆ ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈ ಹಾಕಿದವಳು. ಸಿಟ್ಟು ಬರಬೇಕಿತ್ತು, ಬಂತು ಕೂಡ. ಅದರ ಬೆನ್ನಿಗೇ ನನ್ನ ಕೈಯಲ್ಲಿ ಏನಿದೆ ಅನ್ನುವುದೂ ತಿಳಿಯಿತು. ಮತ್ತೆ ಕೂತೆ.

"ಕಡೀ ಆಸೆ ನಂದ ಅಂದ ಮ್ಯಾಲ ಆಸೆ ಏನಂತ ನಾನ ಹೇಳಬೇಕಲ್ಲೋ? ಬರಿ, ಚಹಾದ ತೋಟ. ಇಡೀ ಹಗಲು."

ಮಗ ಬರೆದ. ಪ್ರಜ್ಞಾಗೆ ಆ ರೈಲು ತೋಟದ ಕಡೆಗೇ ಹೋಗುತ್ತದೆ ಅನ್ನುವುದು ನೆನಪಾಗಿ, "ಆಯಿ ಬರೋಬ್ಬರಿ ಹೇಳ್ತಾಳ" ಅಂತ ನನ್ನ ಕುತ್ತಿಗೆಗೆ ಬಿದ್ದಳು. ಸೊಸೆ ಚಹಾ ಮಾಡಲು ಎದ್ದು ಹೋದಳು, ಅವತ್ತು ಸಕ್ಕರೆ ಹಾಕುವುದನ್ನು ಮರೆತಳು, ಅಥವಾ ಮರೆಯಲಿಲ್ಲ.

ಗೆದ್ದೆ ಅಂತ ಬೀಗುತ್ತಿದ್ದೆ. ಮೊನ್ನೆ ವಖಾರಿಯಲ್ಲಿ ನನ್ನ ಜೋಡಿ ದುಡಿದ ನಾಲ್ಕು ಮಂದಿ ಹೆಣ್ಣುಮಕ್ಕಳು ಸುದ್ದಿ ಕೇಳಿ ಮನೆಗೆ ಬಂದರು. ಅವರಲ್ಲಿ ಸಣ್ಣಾಕೆ ಕಸ್ತೂರಿ, ನನ್ನ ಕೈಕೆಳಗೆ ಜರಡಿ ಹಿಡಿಯಲು ಕಲಿತವಳು, ಕೇಳಿದಳು: "ಯಕ್ಕಾ, ಈ ವಯಸ್ಸಿನ್ಯಾಗ ಅಷ್ಟ ದೂರ ಏನ ನೋಡಾಕ ಹೊಂಟೀದಿ?"

ಹೆಣ್ಣುಮಕ್ಕಳು ಎಲೆ ಹರಿಯುವುದನ್ನು ನೋಡಲು ಅಂತ ಹೇಳಬೇಕಿತ್ತು. ಹೇಳಿದ್ದರೆ ನಾಲ್ವರೂ ಬಿದ್ದು ಬಿದ್ದು ನಗುತ್ತಿದ್ದರು. "ಮೂವತ್ತ ವರ್ಷ ಎಲೀ ಬಡದಿದ್ದು ಸಾಕಾಗಲಿಲ್ಲೇನ ನಿನಗ?" ಅಂತ ಇಡೀ ಓಣಿಗೆ ಕೇಳುವಂತೆ ಅನ್ನುತ್ತಿದ್ದರು. ಬಾಯಿ ತೆರೆದೆ, ತಾನಾಗಿಯೇ ಬಂತು: "ಬುದ್ಧನ್ನ ನೋಡಾಕವಾ. ಕಡೀ ಆಸೆ."

ಮಿಲಿಂದ ಒಳಗಿನ ಕೋಣೆಯಲ್ಲಿ ಕೆಮ್ಮಿದ. ಕಸ್ತೂರಿಯ ಕಣ್ಣು ತುಂಬಿದವು. "ಪುಣ್ಯೇದಾಕಿ ಅದೀಯಕ್ಕಾ" ಅಂತ ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಮಂಡಿ ಕೇಳಲಿಲ್ಲ ಅಂತ ನಿಮಗೆ ಹೇಳಬಹುದಿತ್ತು. ಮಂಡಿ ಅವತ್ತು ಚಲೋನೇ ಇತ್ತು.