ಅಸ್ತು ದೇವತೆಗಳಿಗೆ ಇಂಗ್ಲಿಷ್ ಬಾರದು

2008ರ ದೀಪಾವಳಿಗೆ ಸ್ವಲ್ಪ ಮೊದಲು, ಕೊಪ್ಪದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ‘ಕ್ರ್ಯಾಶ್’ ಎಂಬ ಇಂಗ್ಲಿಷ್ ಪದ ಬಳಕೆಗೆ ಬಂತು. ತಂದವರು ನನ್ನ ಅತ್ತೆ, ಅಂದರೆ ಹೆಂಡತಿ ಸುಮಿತ್ರಾಳ ತಾಯಿ. ಭಂಡಿಗಡಿ ಎಂಬ ಹಳ್ಳಿಯವರು, ಆಗ ನಮ್ಮಲ್ಲೇ ಇದ್ದರು. ಷೇರು ಪೇಟೆ ಬೀಳುತ್ತಿದ್ದ ದಿನಗಳವು. ಟಿ.ವಿ.ಯಲ್ಲಿ ವಾರ್ತೆ ಓದುವ ಹುಡುಗಿ ಸಂಜೆಯಾದರೆ ಕ್ರ್ಯಾಶ್, ಕ್ರ್ಯಾಶ್ ಎನ್ನುತ್ತಿದ್ದಳು. “ಅಳಿಯಂದ್ರೆ, ಹಂಗಂದ್ರೆ ಎಂತ?” ಎಂದು ಅತ್ತೆ ಕೇಳಿದರು. “ಮೇಲಿದ್ದದ್ದು ಹಿಡಿತ ತಪ್ಪಿ ಒಮ್ಮೆಲೇ ಕೆಳಗೆ ಬೀಳೋದು ಅತ್ತೆ” ಎಂದೆ. ಅತ್ತೆ ಮೂಗಿನ ಮೇಲೆ ಬೆರಳಿಟ್ಟರು. “ಅಷ್ಟು ದೊಡ್ಡ ಕೇಡಿಗೆ ಇಷ್ಟು ಸಣ್ಣ ಮಾತಾ! ಅದನ್ನೂ ನಗ್ತಾ ಹೇಳ್ತಾಳಲ್ಲ ಮಾರಾಯ್ರೆ!”

ಮರುದಿನ ಬೆಳಿಗ್ಗೆ ಒಳಗಿನಿಂದ ಕೂಗು ಕೇಳಿತು: “ಸುಮಿತ್ರಾ, ಅಕ್ಕಿ ಕ್ರ್ಯಾಶ್!”

ಇದರ ಮಹತ್ವ ಅರ್ಥವಾಗಬೇಕಾದರೆ ಅತ್ತೆಯ ಕಾನೂನು ಗೊತ್ತಿರಬೇಕು. ಅವರಿದ್ದ ಮನೆಯಲ್ಲಿ ಅಕ್ಕಿ ಖಾಲಿಯಾಗುವಂತಿಲ್ಲ, ‘ಹೆಚ್ಚಾಗಬೇಕು’. ದೀಪ ಆರುವಂತಿಲ್ಲ, ‘ದೊಡ್ಡದಾಗಬೇಕು’. ಹೊರಟವನು ‘ಹೋಗ್ತೀನಿ’ ಎಂದರೆ ಒಳಗೆ ಕರೆದು ಕೂರಿಸಿ, ನೀರು ಕೊಟ್ಟು, ‘ಹೋಗಿ ಬರ್ತೀನಿ’ ಎನ್ನಿಸಿ ಕಳಿಸಬೇಕು. ನಾವಾಡುವ ಮಾತಿಗೆಲ್ಲ ‘ಅಸ್ತು’ ಎನ್ನುವ ದೇವತೆಗಳು ಮನೆಯ ಹೆಂಚಿನ ಮಾಡಿನ ಮೇಲೇ ಕೂತಿರುತ್ತಾರೆಂಬುದು ಅವರ ನಂಬಿಕೆ. ನಾನೋ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿನ ಸುದ್ದಿ ಕಳಿಸುವ ವರದಿಗಾರ. ಸತ್ತವರನ್ನು ಸತ್ತರೆಂದೂ ಕುಸಿದ ಮೋರಿಯನ್ನು ಕುಸಿಯಿತೆಂದೂ ಬರೆದು ಅನ್ನ ತಿನ್ನುವವನು. ಒಮ್ಮೆ ಮನೆಯಿಂದಲೇ ಫೋನಿನಲ್ಲಿ ಬಸ್ ಅಪಘಾತದ ಸುದ್ದಿ ಹೇಳುತ್ತಿದ್ದಾಗ ಅತ್ತೆ ಬಂದು ನನ್ನನ್ನು ಫೋನಿನ ಸಮೇತ ಅಂಗಳಕ್ಕೆ ಹೊರಡಿಸಿದ್ದರು. ವೈರು ಸಾಲದೆ ಅರ್ಧ ಸುದ್ದಿಯನ್ನು ಹೊಸ್ತಿಲ ಮೇಲೆ ನಿಂತು ಹೇಳಿದ್ದೆ.

ಅಂಥವರು ಈಗ ಅಕ್ಕಿ ಕ್ರ್ಯಾಶ್ ಎನ್ನುತ್ತಿದ್ದರು. ಹುಳಿ ಬಾರದ ದೋಸೆ ಹಿಟ್ಟು ಕ್ರ್ಯಾಶ್ ಆಯಿತು. ಪಕ್ಕದ ಮನೆಯ ನಿಶ್ಚಿತಾರ್ಥ ಕ್ರ್ಯಾಶ್ ಆಯಿತು. ಪದವನ್ನು ಅಳೆದು ಬಳಸಬೇಕೆಂಬ ನನ್ನ ಕಸುಬಿನ ಶಿಸ್ತು ಸುಮ್ಮನಿರಲಿಲ್ಲ. “ಅತ್ತೆ, ಅಕ್ಕಿ ನಿಧಾನಕ್ಕೆ ಕಡಿಮೆ ಆಗೋದು. ಅದಕ್ಕೆ ಕ್ರ್ಯಾಶ್ ಅನ್ನಲ್ಲ” ಎಂದೆ. “ನಿಮ್ಮ ಮಾವನವ್ರು ಊಟಕ್ಕೆ ಕೂತದ್ದು ನೀವು ನೋಡಿಲ್ಲ” ಎಂದರು. ಆಮೇಲೆ ಮಾಡಿನ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿ ನಿಜವಾದ ಕಾರಣ ಹೇಳಿದರು: “ಅವಕ್ಕೆ ಇಂಗ್ಲಿಷ್ ಬರೂದಿಲ್ಲ.”

ನಾನು ನಕ್ಕೆ. ಆ ನಗು ಬಹಳ ದಿನ ಉಳಿಯಲಿಲ್ಲ. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಲಸಿನ ಕಾಯಿಯ ಹಾಗೆ ಅದೂ ಹಣ್ಣಾದ ಮೇಲೆಯೇ ತೆಗೆಸಬೇಕೆಂದು ಅವರು ವರ್ಷಗಟ್ಟಲೆ ಕಾದಿದ್ದರು. ಕಾಫಿಯನ್ನು ಲೋಟದ ಪಕ್ಕಕ್ಕೆ, ಅದೂ ಬಹಳ ಗಾಂಭೀರ್ಯದಿಂದ, ಬಗ್ಗಿಸತೊಡಗಿದಾಗ ಡಾಕ್ಟರ ಬಳಿ ಕರೆದೊಯ್ದೆವು. ಅವರು ಅತ್ತೆಯನ್ನು ಹೊರಗೆ ಕೂರಿಸಿ ನಮಗೆ ಹೇಳಿದರು: ಪೊರೆ ಹಣ್ಣಾಗಿ ಮೀರಿದೆ, ಒಳಗೆ ಒತ್ತಡ ಏರಿದೆ, ಈ ವಾರವೇ ಶಿವಮೊಗ್ಗಕ್ಕೆ ಹೋಗಿ ಆಪರೇಷನ್ ಮಾಡಿಸದಿದ್ದರೆ ಕಣ್ಣೇ ಹೋಗುತ್ತದೆ.

ಕಣ್ಣು ಹೋಗುತ್ತದೆ! ಈ ವಾಕ್ಯವನ್ನು ಅತ್ತೆಯ ಮುಂದೆ ಯಾವ ಬಾಯಿಂದ ಆಡುವುದು? ಸುಮಿತ್ರಾ ಕಣ್ಣೊರೆಸಿಕೊಂಡು ಹೊರಗೆ ಬಂದು, “ಅಮ್ಮಾ, ಕಣ್ಣು ಇನ್ನೂ ಚೆನ್ನಾಗಿ ಮಾಡಿಸ್ಬಹುದಂತೆ, ಶಿವಮೊಗ್ಗದಲ್ಲಿ” ಎಂದಳು. “ಚೆನ್ನಾಗಿ ಎಂತಕ್ಕೆ? ನನಗೆ ಇದ್ದಷ್ಟು ಸಾಕು. ಹಣ್ಣಾಗ್ಲಿ, ನೋಡುವ” ಎಂದು ಅತ್ತೆ ಎದ್ದರು. ಎರಡು ದಿನ ಅವಳು ಶುಭವಾದ ಮಾತುಗಳಲ್ಲೇ ಸುತ್ತಿದಳು. ಅತ್ತೆ ಅಷ್ಟೇ ಶುಭವಾಗಿ ನಿರಾಕರಿಸಿದರು.

ಮೂರನೆಯ ದಿನ ಸಂಜೆ ಟಿ.ವಿ.ಯ ಹುಡುಗಿ ಎಂದಿನಂತೆ ನಗುತ್ತ ಬಂದಳು. ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದ ಅತ್ತೆಯ ಪಕ್ಕದಲ್ಲಿ ಕೂತು ನಾನೆಂದೆ: “ಅತ್ತೆ, ನಿಮ್ಮ ಎಡಗಣ್ಣು ಕ್ರ್ಯಾಶ್ ಆಗ್ತಾ ಇದೆ.”

ಒಳಗೆ ಸುಮಿತ್ರಾಳ ಕೈಯಿಂದ ಸೌಟು ಬಿತ್ತು. ಅತ್ತೆ ಅಲುಗಲಿಲ್ಲ.

“ಬಲದ್ದು?”

“ಅದೂ ಅದೇ ದಾರೀಲಿದೆ.”

“ಷೇರಿನ ಹಂಗಾ?”

“ಅದಕ್ಕಿಂತ ಜೋರು. ಷೇರು ಮತ್ತೆ ಏಳಬಹುದು.”

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. “ತಡಿಯೂಕೆ ಆಗ್ತದಾ?”

“ಈ ವಾರ ಹೋದ್ರೆ ಆಗ್ತದಂತೆ.”

“ಅಷ್ಟು ಹೇಳೂಕೆ ಇಬ್ರೂ ಎರಡು ದಿನ ಎಂತ ಯಕ್ಷಗಾನ ಮಾಡಿದ್ರಿ ಮಾರಾಯ್ರೆ! ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ ಬರುವ.”

ಅಷ್ಟು ವರ್ಷದಲ್ಲಿ ನಾನು ಬರೆದ ಯಾವ ಸುದ್ದಿಯೂ ಯಾರನ್ನೂ ಕೂತಲ್ಲಿಂದ ಎಬ್ಬಿಸಿದ್ದಿಲ್ಲ. ಕೆರೆ ಒತ್ತುವರಿಯಾಗಿದೆ ಎಂದು ಬರೆದರೆ ಒತ್ತುವರಿ ಹಾಗೇ ಇರುತ್ತದೆ, ರಸ್ತೆ ಹೊಂಡದ ಸುದ್ದಿ ಅಚ್ಚಾದ ಮೇಲೂ ಹೊಂಡ ಬೆಳೆಯುತ್ತದೆ. ಇಲ್ಲಿ ಮಾತ್ರ, ಸುದ್ದಿಯಲ್ಲಿ ಕಂಡಾಗಲೆಲ್ಲ ನಾನು ಹೊಡೆದುಹಾಕಿ ‘ಕುಸಿತ’ ಎಂದು ತಿದ್ದುತ್ತಿದ್ದ ಪದವೊಂದು, ತಾಯಿನುಡಿ ಕಾಲಿಡಲು ಹೆದರಿದ ಕಡೆಗೆ ತಾನೇ ನಡೆದುಹೋಗಿ ಒಬ್ಬ ಮುದುಕಿಯನ್ನು ಕೈಹಿಡಿದು ಬಸ್ಸಿಗೆ ಹೊರಡಿಸಿತ್ತು. ಮಾತಿಗೆ ಶಕ್ತಿ ಇದೆಯೆಂದು ಅತ್ತೆ ಹೇಳುತ್ತಿದ್ದುದನ್ನು ಆ ದಿನ ನಾನು ನಂಬಿದೆ. ಮಾಡಿನ ಕಡೆಗೂ ಒಮ್ಮೆ ನೋಡಿದೆ.

ಶಿವಮೊಗ್ಗದಲ್ಲಿ ಎಡಗಣ್ಣಿನ ಪಟ್ಟಿ ಬಿಚ್ಚಿದಾಗ ಅತ್ತೆ ಮೊದಲು ಮಗಳನ್ನು ನೋಡಿ ಅತ್ತರು. ಕಿಟಕಿ ನೋಡಿದರು, ಗೋಡೆಯ ಗಡಿಯಾರ ನೋಡಿ ಹೊತ್ತು ಎಷ್ಟೆಂದು ತಾವೇ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. ಎಷ್ಟೋ ವರ್ಷಗಳಿಂದ ಅವರಿಗೆ ನಾನು ಬರೀ ದನಿ ಮತ್ತು ಬಿಳಿ ಅಂಗಿ. ನೋಟ ನನ್ನ ಹಣೆಯಿಂದ ಹತ್ತಿ, ಎಲ್ಲೂ ತಡೆಯಿಲ್ಲದೆ ನೆತ್ತಿಯವರೆಗೆ ಸಾಗಿತು. ಏನೋ ಹೇಳಲು ಬಾಯಿ ತೆರೆದರು, ಆಸ್ಪತ್ರೆಯ ಮಾಡನ್ನೊಮ್ಮೆ ನೋಡಿದರು, ಮುಂದೆ ಬಾಗಿ ಮೆಲ್ಲಗೆ ಕೇಳಿದರು: “ಅಳಿಯಂದ್ರೆ, ತಲೆ ಯಾವಾಗ ಕ್ರ್ಯಾಶ್ ಆಯ್ತು?”

ಬಲಗಣ್ಣಿನ ಆಪರೇಷನ್ನೂ ಆಗಿದೆ. ಅತ್ತೆ ಈಗ ಜಗಲಿಯಲ್ಲಿ ಕೂತು ಪತ್ರಿಕೆ ಓದುತ್ತಿದ್ದಾರೆ. ಕೂದಲು ಬರಲೆಂದು ಅವರು ಕಾಯಿಸಿಕೊಟ್ಟ ಭೃಂಗರಾಜದ ಎಣ್ಣೆಯ ಬಾಟಲಿ ನನ್ನ ಮೇಜಿನ ಮೇಲಿದೆ.