ಬೀಗರ ಬಾಗಿಲಲ್ಲಿ ಕೆಮ್ಮು

ಆವರಗೆರೆಯ ತಿಪ್ಪೇರುದ್ರಪ್ಪನವರ ಮುತ್ತಜ್ಜ ಗುತ್ತೆಪ್ಪ ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮಿದ್ದಕ್ಕೆ, ಕೊಟ್ಟಿಗೆಯಲ್ಲಿ ಎತ್ತು ಬಿಚ್ಚುತ್ತಿದ್ದ ಕಳ್ಳ ಅದನ್ನು ಮತ್ತೆ ಕಟ್ಟಿ, ಮೇವು ಹಾಕಿ ಹೋಗಿದ್ದನಂತೆ. ಅಜ್ಜ ಜಂಬಯ್ಯ ಕೆಮ್ಮಿದರೆ ಕಟ್ಟೆಯ ಮೇಲೆ ಹೊಡೆದಾಡುತ್ತಿದ್ದವರು ಒಬ್ಬರಿಗೊಬ್ಬರು ಎಲೆ ಅಡಿಕೆ ಕೊಡುತ್ತಿದ್ದರು. ಅಪ್ಪ ಭರಮಣ್ಣನ ಕೆಮ್ಮಿಗೆ ಅಳುವ ಕೂಸು ಬಾಯಿ ಮುಚ್ಚುತ್ತಿತ್ತು (ಆ ಕೂಸು ತಿಪ್ಪೇರುದ್ರಪ್ಪನವರೇ). ಗಂಡಸು ಒಳಗೆ ಬರುವ ಮುನ್ನ ಕೆಮ್ಮಬೇಕು, ಕೇಳಿದ ಹೆಂಗಸರು ಸೆರಗು ಹೊದ್ದು ಎದ್ದು ನಿಲ್ಲಬೇಕು. ಪದ್ಧತಿ ಊರಿಗೆಲ್ಲ ಇತ್ತು. ಅದನ್ನು ವಿದ್ಯೆಯ ಮಟ್ಟಕ್ಕೆ ಏರಿಸಿದ್ದು ಮಾತ್ರ ಈ ಮನೆತನ.

ಇಂಥ ಮನೆತನದ ಯಜಮಾನರಿಗೆ, ಐವತ್ತೆಂಟನೆಯ ಇಸವಿಯ ಕಾರಹುಣ್ಣಿಮೆಯ ಹೊತ್ತಿಗೆ, ಮೈಮೇಲೆ ಅಮ್ಮ ಎದ್ದಿತು. ಅದೂ ಮಕ್ಕಳಿಗೆ ಬರುವ ಸೀತಾಳೆ ಸಿಡುಬು. ಐದು ವರ್ಷದ ಮೊಮ್ಮಗಳ ಮೈಯಿಂದ ನೇರ ಅಜ್ಜನ ಮೈಗೆ. ಬೇವಿನ ಸೊಪ್ಪಿನ ಮೇಲೆ ಇಬ್ಬರೂ ಜೋಡಿಯಾಗಿ ಮಲಗಿದ್ದನ್ನು ನೋಡಲು ಓಣಿಗೆ ಓಣಿಯೇ ಬಂತು. ಮೊಮ್ಮಗಳು ನೀರು ಹಾಕಿಸಿಕೊಂಡು ಕುಂಟಾಬಿಲ್ಲೆ ಆಡಲು ಓಡಿದಳು. ಅಜ್ಜನ ಮೈಯಿಂದಲೂ ಅಮ್ಮ ಇಳಿಯಿತು. ಇಳಿಯುವಾಗ ಎದೆಯೊಳಗೆ ಒಂದು ಕೆಮ್ಮನ್ನು ಬಾಡಿಗೆಗೆ ಇಟ್ಟು ಹೋಯಿತು.

“ಯಜಮಾನ್ರೆ, ದೊಡ್ಡೋರಿಗೆ ಬಂದ್ರೆ ಇದು ಎದೆಗೂ ಇಳೀತೈತೆ. ಕೆಮ್ಮು, ಏದುಸಿರು ಎರಡು ತಿಂಗಳಾದ್ರೂ ಇರ್ತೈತೆ. ಸುಮ್ನೆ ಮನ್ಯಾಗೆ ಕೂಡ್ರಿ,” ಎಂದರು ದಾವಣಗೆರೆಯ ಡಾಕ್ಟರು.

ಕೂತರು. ಆದರೆ ಅವರು ಕೆಮ್ಮಿದಾಗಲೆಲ್ಲ ಒಲೆಯ ಮುಂದಿನ ಸೊಸೆ ಕೊಟ್ರವ್ವ ಎದ್ದಳು, ಕೂತಳು, ಎದ್ದಳು. ಹಂಚಿನ ಮೇಲಿನ ರೊಟ್ಟಿ ಕರ್ರಗಾಯಿತು. ಮೂರನೆಯ ದಿನ ಹೆಂಡತಿ ಬಸವಣ್ಣೆಮ್ಮ ರಾಜಾಜ್ಞೆ ಹೊರಡಿಸಿದರು:

“ಮಿಲ್ಲಿಗಾದ್ರೂ ಮೂರು ಪಾಳಿ ಐತೆ, ನಿಮ್ಮ ಕೆಮ್ಮಿಗೆ ಪಾಳಿನೇ ಇಲ್ಲ! ಕೊಟ್ರವ್ವ, ಇನ್ಮ್ಯಾಲೆ ಏಳಬ್ಯಾಡ. ಮಾವ ಒಳಗೆ ಬರಾದಿದ್ರೆ ‘ನಾನು ಬಂದೆ’ ಅಂತ ಬಾಯಿಬಿಟ್ಟು ಹೇಳ್ತಾರೆ.”

“ಬಂದೆ ಬಂದೆ ಅಂತ ಕೂಗಾಕೆ ನಾನೇನು ಬಳೆಗಾರನಾ?”

“ಬಳೆಗಾರ ಬಂದ್ರೆ ಕೂಗಾದ್ರೊಳಗೇ ಎದ್ದು ಹೋಗ್ತೀವಿ ಬಿಡ್ರಿ.”

ಹಿತ್ತಲ ಗಿಡ ಮದ್ದಲ್ಲ. ಮನೆಯಲ್ಲಿ ಹೋದ ಮರ್ಯಾದೆ ಬೀಗರ ಮನೆಯಲ್ಲಾದರೂ ಸಿಕ್ಕೀತೆಂದು, ಪಂಚಮಿಗೆ ಮಗಳು ದ್ಯಾಮವ್ವನನ್ನು ಕರೆತರಲು ತಿಪ್ಪೇರುದ್ರಪ್ಪನವರು ತಾವೇ ಹರಿಹರದ ರೈಲು ಹತ್ತಿದರು. ಸ್ಟೇಷನ್ನಿನಿಂದ ನಡೆಯುವಾಗ ಉಸಿರು ಕಟ್ಟಿದಲ್ಲೆಲ್ಲ ಅಂಗಡಿಯ ಬೋರ್ಡು ಓದುವವರಂತೆ ನಿಂತರು. ಒಂದು ಕ್ಷೌರದಂಗಡಿಯ ಬೋರ್ಡನ್ನಂತೂ ಮೂರು ಸಲ ಓದಿದರು.

ಬೀಗರ ಬಾಗಿಲಲ್ಲಿ ರುಮಾಲು ಸರಿಮಾಡಿಕೊಂಡು, ಮೂರು ತಲೆಮಾರು ನೆನೆದು, ಒಂದೇ ಒಂದು ಕೆಮ್ಮು ಬಿಟ್ಟರು. ಆಹಾ! ಒಳಗೆ ಬಳೆಗಳು ಘಲ್ಲೆಂದವು. ಬೀಗಿತ್ತಿ ಉಚ್ಚೆಂಗೆಮ್ಮ, ಮಗಳು ದ್ಯಾಮವ್ವ, ಪಂಚಮಿ ಉಂಡೆ ಕಟ್ಟಲು ಬಂದಿದ್ದ ನೆರೆಮನೆಯ ಹೆಂಗಸರು, ಎಲ್ಲರೂ ದಡಬಡ ಎದ್ದರು. ಕಾಲಿಗೆ ನೀರು ಬಂತು. ಬೀಗ ಮಾಲತೇಶಪ್ಪ ಪಡಸಾಲೆಯಲ್ಲಿ ಕಂಬಳಿ ಹಾಸಿದರು. ತಿಪ್ಪೇರುದ್ರಪ್ಪನವರು ಮೀಸೆ ತೀಡಿದರು. ಹೆಂಗಸರು ಅಡಿಗೆಮನೆಗೆ ಹೋಗಿ ಬೆಲ್ಲದ ಪಾಕದ ಮುಂದೆ ಕೂತರು.

ಆಗ ನಿಜವಾದ ಕೆಮ್ಮು ಬಂತು.

ಬೀಗರು ಒಳಗೆ ಬಂದರೆಂದು ಹೆಂಗಸರು ಎದ್ದರು. ಬರಲಿಲ್ಲ, ಕೂತರು. ಮತ್ತೆ ಕೆಮ್ಮು, ಮತ್ತೆ ಎದ್ದರು. ಬಿಸಿಯಿದ್ದಾಗಲೇ ಕಟ್ಟಬೇಕಾದ ಶೇಂಗಾ ಉಂಡೆ. ಏಳುವುದು ಕೂರುವುದರಲ್ಲಿ ಪಾಕ ಆರಿ ಬೋಗುಣಿಯಲ್ಲೇ ಬಂಡೆಯಾಯಿತು. ಒಂಬತ್ತನೆಯ ಸಲಕ್ಕೆ ಉಚ್ಚೆಂಗೆಮ್ಮ ಮಂಡಿ ಹಿಡಿದುಕೊಂಡು ಬಾಗಿಲಿಗೆ ಬಂದರು.

“ಬೀಗ್ರೆ, ತಪ್ಪು ತಿಳ್ಕೋಬ್ಯಾಡ್ರಿ. ನೀವು ಒಳಗೆ ಬರ್ತೀರೋ, ಹೊರಗೆ ಹೋಗ್ತೀರೋ? ಒಂದು ಗೊತ್ತಾದ್ರೆ ನಾವು ಕುಂತ್ಕೊಂತೀವಿ.”

“ಬರಾದೂ ಅಲ್ಲ, ಹೋಗಾದೂ ಅಲ್ಲ ಅತ್ತೆ,” ಎಂದಳು ದ್ಯಾಮವ್ವ, ಅಪ್ಪನ ಮರ್ಯಾದೆ ಉಳಿಸಲು. “ಅಪ್ಪಗೆ ಅಮ್ಮ ಎದ್ದಿತ್ತಲ್ಲ, ಅದರ ಕೆಮ್ಮು.”

“ಅಮ್ಮನಾ? ಕೂಸುಗಳಿಗೆ ಬರ್ತೈತಲ್ಲ, ಅದಾ?”

ಅಡಿಗೆಮನೆಯಲ್ಲಿ ಯಾರೋ ಸೆರಗು ಬಾಯಿಗೆ ತುರುಕಿಕೊಂಡರು. ಉಳಿದವರಿಗೆ ತುರುಕಿಕೊಳ್ಳಲು ಪುರುಸೊತ್ತಾಗಲಿಲ್ಲ. ನಗು ಪಡಸಾಲೆಯವರೆಗೂ ಬಂತು. ತಿಪ್ಪೇರುದ್ರಪ್ಪನವರ ಕಿವಿ ಕೆಂಡವಾಯಿತು. ನೆಲ ನೋಡಿದರು, ಕಂಬಳಿಯ ಅಂಚು ನೋಡಿದರು; ಬೀಗಿತ್ತಿಯ ಮುಖವೊಂದನ್ನು ನೋಡಲಾಗಲಿಲ್ಲ. ಎದ್ದು ಚಪ್ಪಲಿ ಮೆಟ್ಟಿದರೆ ಅದೂ ಎಡಬಲ ಅದಲುಬದಲು.

“ಜಟಕಾ ತರಿಸ್ತೀನಿ ಬೀಗ್ರೆ, ಡಾಕ್ಟ್ರಿಗೆ ತೋರ್ಸಿ ಬರಾಣ,” ಎಂದು ಮಾಲತೇಶಪ್ಪ ರಟ್ಟೆ ಹಿಡಿದರು. ಮಗಳು ಬಿಸಿನೀರಿನ ಚೊಂಬು ಚಾಚಿದಳು.

“ಬ್ಯಾಡ್ರಿ, ಕೈ ಬಿಡ್ರಿ. ಜಟಕಾನೂ ಬ್ಯಾಡ, ಡಾಕ್ಟ್ರೂ ಬ್ಯಾಡ, ಬಿಸಿನೀರೂ ಬ್ಯಾಡ. ಮಗಳ್ನ ನಾಳೆ ಅಳಿಯನ ಜೊತೆ ಕಳಿಸಿಕೊಡ್ರಿ. ನೀವೆಲ್ಲ ಕುಂತ್ಕೊಂಡು ಉಂಡೆ ಕಟ್ರಿ. ಬೀದಿ ಕಡೆಯಿಂದ ಇನ್ನೊಮ್ಮೆ ಕೆಮ್ಮು ಕೇಳಿದ್ರೆ ಯಾರೂ ಏಳಬ್ಯಾಡ್ರಿ. ಅದು ಹೋಗೋ ಕೆಮ್ಮು.”